ಹಳೆಯ ಸ್ಪೋರ್ಟ್ಸ್ ಕಾರಿನ ಪುನರುಜ್ಜೀವನ: ಮನೆಯ ಷೆಡ್ಡಿನ ಹವ್ಯಾಸವೂ ಬಿಡಿಭಾಗ ತಯಾರಕರಿಗೊಂದು ಪಾಠವೂ

ಒಂದು ವಾಹನದ ತಯಾರಿಕೆ ನಿಂತು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಳೆದಿದೆ. ಆದರೂ ಅದರ ಬಹುತೇಕ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗಿ ಮಾರಾಟವಾಗುತ್ತಿವೆ. ಉದ್ದಿಮೆದಾರರಿಗೆ ಇದು ಕುತೂಹಲದ ಸಂಗತಿಯಷ್ಟೇ ಅಲ್ಲ, ಅಧ್ಯಯನಯೋಗ್ಯ ವಿಷಯವೂ ಹೌದು. ಬ್ರಿಟನ್ನಿನ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು. ತೆರೆದ ಮಾದರಿ ಹಾಗೂ ಮುಚ್ಚಿದ ಜಿ.ಟಿ. ಮಾದರಿಗಳು ಸೇರಿ 5 ಲಕ್ಷಕ್ಕೂ ಹೆಚ್ಚು ವಾಹನಗಳು ಹೊರಬಂದವು. 2019ರಿಂದ ನಮ್ಮ ದೇಶದಲ್ಲಿ ಮಾರಾಟವಾಗುತ್ತಿರುವ ಎಂ.ಜಿ. ಕಾರುಗಳು ಇದೇ ಹೆಸರನ್ನು ಹೊತ್ತಿವೆ. ಆದರೆ ಒಡೆತನವೂ ಯಂತ್ರರಚನೆಯೂ ಈಗ ಸಂಪೂರ್ಣ ಬೇರೆಯಾಗಿವೆ. ಹಳೆಯ ಎಂ.ಜಿ.ಬಿ.ಗೆ ನಮ್ಮೊಡನೆ ಇರುವ ನಿಜವಾದ ನಂಟು ಬೇರೊಂದು ಕಡೆ ಇದೆ. ನಮ್ಮ ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ಬಳಕೆಯಾದ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಮತ್ತು ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ ಎರಡೂ ‘ಬಿ ಸೀರೀಸ್’ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಎರಡರ ಸ್ಟ್ರೋಕ್ ಕೂಡ 88.9 ಮಿ.ಮೀ. ಆಗಿದ್ದು, ಬೋರ್ ಅಳತೆ ಮಾತ್ರ ಬೇರೆ. ಆದುದರಿಂದ ಅಂಬಾಸಿಡರ್ ಎಂಜಿನ್ ಬಿಚ್ಚಿ ಅನುಭವವಿರುವ ನಮ್ಮ ಮೆಕ್ಯಾನಿಕ್ಕುಗಳಿಗೆ ಇದು ಅಪರಿಚಿತ ಯಂತ್ರವೇನಲ್ಲ.

ಮೊದಲು ಪರೀಕ್ಷೆ, ಅನಂತರ ಖರೀದಿ

ಇಂತಹ ಕಾರನ್ನು ಮನೆಯಲ್ಲೇ ದುರಸ್ತಿ ಮಾಡಲು ಹೊರಟವರು ಸಾಮಾನ್ಯವಾಗಿ ಎಂಜಿನ್ನಿನ ಸದ್ದನ್ನು ಕೇಳಿ ಬೆಲೆ ಕಟ್ಟುತ್ತಾರೆ. ಇದು ತಪ್ಪು ಲೆಕ್ಕ. ಎಂಜಿನ್ನನ್ನು ಬಿಚ್ಚಿ ಸರಿಪಡಿಸುವ ವೆಚ್ಚವನ್ನು ಮುಂಚಿತವಾಗಿಯೇ ಅಂದಾಜು ಮಾಡಬಹುದು. ತುಕ್ಕಿನ ವೆಚ್ಚವನ್ನು ಹಾಗೆ ಅಂದಾಜು ಮಾಡಲಾಗದು.

ಎಂ.ಜಿ.ಬಿ.ಗೆ ಮುಂಚಿನ ಎಂ.ಜಿ.ಎ. ಮಾದರಿಯಲ್ಲಿ ಪ್ರತ್ಯೇಕ ಷಾಸಿ ಇತ್ತು. ಎಂ.ಜಿ.ಬಿ.ಯಲ್ಲಿ ಬಾಡಿಯೇ ಭಾರ ಹೊರುವ ಚೌಕಟ್ಟು. ತೆರೆದ ಮಾದರಿಗೆ ಮೇಲ್ಛಾವಣಿಯ ಆಸರೆಯಿಲ್ಲದಿರುವುದರಿಂದ, ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಾಕಾರದ ಸಿಲ್ ಎಂಬ ಭಾಗವೇ ಕಾರಿನ ಬೆನ್ನೆಲುಬಾಗಿರುತ್ತದೆ. ಹಲವು ತಗಡುಗಳ ಪದರಗಳಿಂದಾದ ಈ ಭಾಗದೊಳಗೆ ನೀರೂ ಕೆಸರೂ ಸೇರಿ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿದ್ದರೂ ಒಳಗೆ ತಗಡೇ ಇಲ್ಲದಿರಬಹುದು. ತೆಳುವಾದ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಸರಿಸಿದರೆ, ಪುಟ್ಟಿ ತುಂಬಿದ ಕಡೆ ಅದು ಅಂಟುವುದಿಲ್ಲ. ಕಡಿಮೆ ಬೆಲೆಗೆ ದೊರೆತ ತುಕ್ಕಿನ ಕಾರು ಕಡೆಗೆ ಹೆಚ್ಚು ದುಬಾರಿಯಾಗುವುದೇ ವಾಡಿಕೆ.

ಬಿಚ್ಚುವ ಶಿಸ್ತು

ಕಾರನ್ನು ಪೂರ್ತಿಯಾಗಿ ಬಿಚ್ಚಲು ಕೆಲವು ದಿನಗಳು ಸಾಕು, ಜೋಡಿಸಲು ವರ್ಷಗಳು ಬೇಕಾಗಬಹುದು. ಈ ನಡುವೆ ನೆನಪು ಅಳಿಸಿಹೋಗುತ್ತದೆ. ಆದುದರಿಂದ ಪ್ರತಿ ಭಾಗವನ್ನೂ ತೆಗೆಯುವ ಮುನ್ನ ಛಾಯಾಚಿತ್ರ ತೆಗೆದು, ತೆಗೆದ ನಂತರ ಚೀಟಿ ಕಟ್ಟಿ, ಪೆಟ್ಟಿಗೆಗೆ ಸಂಖ್ಯೆ ನೀಡಿ ಪುಸ್ತಕದಲ್ಲಿ ದಾಖಲಿಸಬೇಕು. ನಮ್ಮ ಉಗ್ರಾಣಗಳಲ್ಲಿ ದಾಸ್ತಾನು ಇಡುವ ಕ್ರಮವೇ ಇಲ್ಲಿಯೂ ಅನ್ವಯಿಸುತ್ತದೆ. ಹಳೆಯ ಭಾಗ ಎಷ್ಟೇ ಹಾಳಾಗಿದ್ದರೂ, ಅದರ ಬದಲಿಗೆ ತಂದ ಹೊಸ ಭಾಗ ಸರಿಯಾಗಿ ಕೂಡುವವರೆಗೆ ಅದನ್ನು ಗುಜರಿಗೆ ಹಾಕಬಾರದು. ಈ ಕಾರಿನ ಬೋಲ್ಟುಗಳಲ್ಲಿ ಬಹುಪಾಲು ಯು.ಎನ್.ಎಫ್. ಮರೆಯವು. ಅಳತೆ ಹತ್ತಿರವೆಂದು ಮೆಟ್ರಿಕ್ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಮರೆ ಕೆಡುತ್ತದೆ.

ಬಾಡಿಯ ದುರಸ್ತಿ

ಸಿಲ್ ಬದಲಾಯಿಸುವ ಕೆಲಸ ಅತ್ಯಂತ ಎಚ್ಚರಿಕೆಯನ್ನು ಬೇಡುತ್ತದೆ. ಸಿದ್ಧತೆಯಿಲ್ಲದೆ ಅದನ್ನು ಕತ್ತರಿಸಿದರೆ ಕಾರು ನಡುವಿನಲ್ಲಿ ಬಾಗುತ್ತದೆ. ಬಾಗಿದ ಸ್ಥಿತಿಯಲ್ಲೇ ಹೊಸ ತಗಡನ್ನು ಬೆಸೆದರೆ ಬಾಗಿಲು ಎಂದಿಗೂ ಸರಿಯಾಗಿ ಮುಚ್ಚದು. ಆದ್ದರಿಂದ ಮೊದಲು ಕಾರನ್ನು ಸಮತಟ್ಟಾದ ನೆಲದ ಮೇಲೆ ಭದ್ರವಾದ ಸ್ಟ್ಯಾಂಡುಗಳ ಮೇಲಿರಿಸಿ, ಬಾಗಿಲಿನ ಎಡೆಗೆ ಅಡ್ಡಲಾಗಿ ಉಕ್ಕಿನ ಪಟ್ಟಿಗಳನ್ನು ಬಿಗಿಯಬೇಕು. ಒಂದು ಪಕ್ಕದ ಕೆಲಸ ಪೂರ್ಣವಾದ ನಂತರವೇ ಇನ್ನೊಂದು ಪಕ್ಕವನ್ನು ಮುಟ್ಟಬೇಕು. ಅಂತಿಮ ಬೆಸುಗೆಗೆ ಮುನ್ನ ಬಾಗಿಲನ್ನು ತೂಗುಹಾಕಿ, ಸುತ್ತಲಿನ ಸಂದು ಸಮನಾಗಿದೆಯೇ ಎಂದು ನೋಡಬೇಕು.

ತುಕ್ಕು ಮಿತಿಮೀರಿದ್ದಲ್ಲಿ ಮತ್ತೊಂದು ದಾರಿಯುಂಟು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ಮೂಲ ಅಚ್ಚುಗಳನ್ನು ಹುಡುಕಿ ಒಟ್ಟುಗೂಡಿಸಿ, 1988ರಿಂದ ಎಂ.ಜಿ.ಬಿ.ಯ ಸಂಪೂರ್ಣ ಹೊಸ ಬಾಡಿಯನ್ನು ತಯಾರಿಸಲಾರಂಭಿಸಿತು. ಕಾರ್ಖಾನೆ ಮುಚ್ಚಿದ ಎಂಟು ವರ್ಷಗಳ ನಂತರ ನಡೆದ ಈ ಪ್ರಯತ್ನದ ಫಲ ದೊಡ್ಡದು. ಅದೇ ಬಾಡಿಯನ್ನು ಆಧಾರವಾಗಿಟ್ಟುಕೊಂಡು ರೋವರ್ ಸಂಸ್ಥೆಯು 1992ರಲ್ಲಿ ಎಂ.ಜಿ. ಆರ್.ವಿ.8 ಎಂಬ ಕಾರನ್ನು ಪ್ರಕಟಿಸಿತು. ಸುಮಾರು 2,000 ಕಾರುಗಳು ತಯಾರಾಗಿ, ಅವುಗಳಲ್ಲಿ ಹೆಚ್ಚಿನವು ಜಪಾನಿಗೆ ಹೋದವು. ಗುಜರಿಗೆ ಹೋಗಬಹುದಾಗಿದ್ದ ಅಚ್ಚುಗಳು ಹೀಗೆ ಎರಡನೆಯ ವ್ಯಾಪಾರವನ್ನೇ ತಂದುಕೊಟ್ಟವು.

ಎಂಜಿನ್, ಇಂಧನ ಮತ್ತು ವಿದ್ಯುತ್

ಎಂಜಿನ್ ಬಿಚ್ಚುವ ಮುನ್ನ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಹಾಗೂ ಆಯಿಲ್ ಒತ್ತಡವನ್ನು ಅಳೆದು ಬರೆದಿಡುವುದು ಒಳಿತು. ಅನಗತ್ಯವಾಗಿ ಬಿಚ್ಚುವುದೂ ಒಂದು ನಷ್ಟವೇ. ಸೀಸವಿದ್ದ ಪೆಟ್ರೋಲಿನ ಕಾಲದಲ್ಲಿ ರೂಪುಗೊಂಡ ಈ ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್ ಸೀಟುಗಳು ಸೀಸರಹಿತ ಇಂಧನದಲ್ಲಿ ಸವೆಯುವ ಸಂಭವವಿದೆ. ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ಸೀಟುಗಳನ್ನು ಕೂರಿಸುವುದು ಶಾಶ್ವತ ಪರಿಹಾರ.

ಎಥನಾಲ್ ಮಿಶ್ರಣ ಇಂದಿನ ಹೊಸ ಸಮಸ್ಯೆ. ಬ್ರಿಟನ್ನಿನಲ್ಲಿ 2021ರಿಂದ ಶೇ. 10ರವರೆಗಿನ ಮಿಶ್ರಣ ಸಾಮಾನ್ಯ ಪೆಟ್ರೋಲಾಗಿದೆ. ನಮ್ಮಲ್ಲಿ ಶೇ. 20ರ ಮಿಶ್ರಣ ಬಂದಿದೆ. ಹಳೆಯ ರಬ್ಬರ್ ಪೈಪು, ಸೀಲುಗಳು ಇದರಿಂದ ಬಿರಿದು ಇಂಧನ ಸೋರಿ ಬೆಂಕಿಯ ಅಪಾಯವುಂಟಾಗಬಹುದು. ಎಥನಾಲ್ ತಾಳಿಕೊಳ್ಳುವ ದರ್ಜೆಯ ಪೈಪನ್ನೇ ಅಳವಡಿಸತಕ್ಕದ್ದು.

ಆರಂಭದ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಜೋಡಿಸಲಾಗುತ್ತಿತ್ತು. 1967ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಋಣ ತುದಿಯನ್ನು ಜೋಡಿಸುವ ಪದ್ಧತಿ ಬಂದಿತು. ಇದನ್ನು ತಿಳಿಯದೆ ಆಧುನಿಕ ಎಲೆಕ್ಟ್ರಾನಿಕ್ ಉಪಕರಣವನ್ನು ಜೋಡಿಸಿದರೆ ಅದು ಕ್ಷಣಾರ್ಧದಲ್ಲಿ ಸುಟ್ಟುಹೋಗಬಹುದು.

ಮನೆಯಲ್ಲಿ ಮಾಡಬಾರದ ಕೆಲಸಗಳು

ಹವ್ಯಾಸವೆಂದ ಮಾತ್ರಕ್ಕೆ ಎಲ್ಲವನ್ನೂ ತಾನೇ ಮಾಡಬೇಕೆಂಬ ಹಟ ಸಲ್ಲದು. ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಕ್ರೋಮ್ ಲೇಪನಗಳಿಗೆ ತಕ್ಕ ಯಂತ್ರವೂ ನುರಿತ ಕೈಯೂ ಬೇಕು. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಬಣ್ಣಗಳಲ್ಲಿ ಐಸೊಸಯನೇಟ್ ರಾಸಾಯನಿಕವಿದ್ದು, ಸಿಂಪಡಿಸುವಾಗ ಉಸಿರಾಟಕ್ಕೆ ಗಂಭೀರ ಹಾನಿಯುಂಟುಮಾಡುತ್ತದೆ. ಹೊರಗಿನ ಶುದ್ಧಗಾಳಿ ಪೂರೈಸುವ ಮುಖಕವಚವಿಲ್ಲದೆ ಇದನ್ನು ಮಾಡಲಾಗದು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಗಾಳಿ ಊದಿ ಧೂಳು ತೆಗೆಯಬಾರದು. ಖಾಲಿಯೆಂದು ಕಾಣುವ ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕಲು ಹೋಗಬಾರದು. ಒಳಗಿನ ಆವಿ ಸಿಡಿಯುತ್ತದೆ.

ಖರ್ಚಿನ ಲೆಕ್ಕ

ದುರಸ್ತಿಗೆ ತಗಲುವ ಒಟ್ಟು ಮೊತ್ತ ಕಾರಿನ ಮಾರಾಟ ಬೆಲೆಯನ್ನು ಮೀರುವುದು ಅಪರೂಪವಲ್ಲ. ತನ್ನ ಶ್ರಮಕ್ಕೆ ಕೂಲಿ ಕಟ್ಟಿದರಂತೂ ಲಾಭದ ಮಾತೇ ಇಲ್ಲ. ಅರ್ಧಕ್ಕೆ ನಿಂತು, ಪೆಟ್ಟಿಗೆಗಳ ರಾಶಿಯಾಗಿ ಮಾರಾಟಕ್ಕೆ ಬರುವ ಕಾರುಗಳು ಈ ಲೆಕ್ಕ ತಪ್ಪಿದವರ ಕಥೆಯನ್ನೇ ಹೇಳುತ್ತವೆ. ಅಂದಾಜು ವೆಚ್ಚ, ಆದ ವೆಚ್ಚ, ಉಳಿದ ಕೆಲಸ ಎಂಬ ಮೂರು ಅಂಕಣಗಳ ಪುಸ್ತಕವನ್ನು ತಿಂಗಳಿಗೊಮ್ಮೆ ಪ್ರಾಮಾಣಿಕವಾಗಿ ತುಂಬಿದರೆ, ಎಲ್ಲಿ ನಿಲ್ಲಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ತಯಾರಕರು ಗಮನಿಸಬೇಕಾದುದು

ಇನ್ನು ನಮ್ಮ ಸದಸ್ಯರಿಗೆ ನೇರವಾಗಿ ಸಂಬಂಧಿಸಿದ ವಿಚಾರ. ಹಳೆಯ ಕಾರುಗಳ ಬಿಡಿಭಾಗಗಳ ಮಾರುಕಟ್ಟೆ ಸಣ್ಣ ಪ್ರಮಾಣದ, ಹಲವು ಬಗೆಯ ತಯಾರಿಕೆಯನ್ನು ಬೇಡುತ್ತದೆ. ದೊಡ್ಡ ಕಾರ್ಖಾನೆಗೆ ಇದು ಹೊಂದದು, ಸಣ್ಣ ಘಟಕಕ್ಕೆ ಹೊಂದುತ್ತದೆ. ಬೆಳಗಾವಿಯ ಫೌಂಡ್ರಿಗಳಿಗೂ ಪೀಣ್ಯದ ಯಂತ್ರಗಾರಗಳಿಗೂ ಬೇಕಾದ ಕೌಶಲ ಇಲ್ಲಿ ಹೊಸದೇನಲ್ಲ.

ಆದರೆ ‘ಸ್ಯಾಂಪಲ್’ ನೋಡಿ ನಕಲು ಮಾಡುವ ರೂಢಿ ಇಲ್ಲಿ ಅಪಾಯಕಾರಿ. ಸವೆದ ಭಾಗವನ್ನು ಅಳೆದು ತಯಾರಿಸಿದ ಹೊಸ ಭಾಗವು ಸವಕಳಿಯೊಂದಿಗೇ ಹುಟ್ಟುತ್ತದೆ. ಆಕಾರ ಸರಿಯಿದ್ದೂ ಲೋಹದ ಅಥವಾ ರಬ್ಬರಿನ ದರ್ಜೆ ತಪ್ಪಿದರೂ ಫಲ ಒಂದೇ. ಡಿಸ್ಟ್ರಿಬ್ಯೂಟರಿನ ರೋಟರ್ ಆರ್ಮ್ ಎಂಬ ಪುಟ್ಟ ಭಾಗವನ್ನೇ ನೋಡಿ. ಅಗ್ಗದ ನಕಲುಗಳಲ್ಲಿ ನಿರೋಧಕ ಪ್ಲಾಸ್ಟಿಕ್ ಕಳಪೆಯಾಗಿದ್ದರೆ, ವಿದ್ಯುತ್ತು ಅದನ್ನು ಭೇದಿಸಿ ರಿವೆಟ್ಟಿನ ಮೂಲಕ ಕೆಳಗಿನ ದಂಡಕ್ಕೆ ಹರಿದು ಕಾರು ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಅದರಿಂದಾಗಿ ಹಳೆಯ ಕಾರುಗಳ ಮಾಲೀಕರಲ್ಲಿ ಎಲ್ಲ ನಕಲು ಭಾಗಗಳ ಮೇಲೂ ಅಪನಂಬಿಕೆ ಬೆಳೆದಿದೆ. ಬ್ರೇಕಿನ ಭಾಗವಾದರೆ ಪ್ರಾಣದ ಪ್ರಶ್ನೆಯೇ ಆಗುತ್ತದೆ.

ಆದುದರಿಂದ ಮೂಲ ನಕ್ಷೆ ಅಥವಾ ಬಳಸದ ಹಳೆಯ ಭಾಗವನ್ನೇ ಆಧಾರವಾಗಿಟ್ಟುಕೊಳ್ಳುವುದು, ಪ್ರತಿ ತಂಡಕ್ಕೂ ಸಂಖ್ಯೆ ನೀಡುವುದು, ಮೊದಲ ಮಾದರಿಯನ್ನು ಕಾರಿಗೆ ಕೂರಿಸಿ ನೋಡುವುದು ಹಾಗೂ ಅನುಮತಿಯಿಲ್ಲದೆ ಮೂಲ ಸಂಸ್ಥೆಯ ಮುದ್ರೆ ಬಳಸದಿರುವುದು ಈ ವ್ಯಾಪಾರದ ಕನಿಷ್ಠ ನಿಯಮಗಳು.

ನಮ್ಮ ದೇಶದಲ್ಲಿಯೂ 2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮಗಳನ್ನು ಪ್ರಕಟಿಸಿತು. ಇವುಗಳ ಸಂಖ್ಯಾಫಲಕದಲ್ಲಿ ‘ವಿ.ಎ.’ ಅಕ್ಷರಗಳಿರುತ್ತವೆ, ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದರ ಹಳೆಯ ಕಾರುಗಳನ್ನು ಉಳಿಸಿಕೊಳ್ಳಬಯಸುವವರಿಗೂ ನಾಳೆ ಬಿಡಿಭಾಗಗಳು ಬೇಕಾಗುತ್ತವೆ.

ಉತ್ಪಾದನೆ ನಿಂತಿತೆಂದು ಅಚ್ಚುಗಳನ್ನೂ ನಕ್ಷೆಗಳನ್ನೂ ತೂಕಕ್ಕೆ ಮಾರುವ ಮುನ್ನ ನಮ್ಮ ಉದ್ದಿಮೆದಾರರು ಒಮ್ಮೆ ಯೋಚಿಸುವುದು ಒಳಿತು. ಎಣ್ಣೆ ಸವರಿ, ಸಂಖ್ಯೆ ಬರೆದು ಮೂಲೆಯಲ್ಲಿ ಇಡಲು ತಗಲುವ ವೆಚ್ಚ ಅಲ್ಪ. ಒಮ್ಮೆ ಗುಜರಿಗೆ ಹೋದ ಅಚ್ಚನ್ನು ಮತ್ತೆ ಮಾಡಿಸುವ ವೆಚ್ಚ ಎಷ್ಟೆಂಬುದನ್ನು ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ.