ಪಲಾಯನವೂ ಸಾಕ್ಷ್ಯವೂ: ಆಶ್ವಿಟ್ಜ್ ಶಿಬಿರದಿಂದ ಪಾರಾದ ಇಬ್ಬರು

ಸೆರೆಯಿಂದ ತಪ್ಪಿಸಿಕೊಂಡವರ ವೃತ್ತಾಂತಗಳನ್ನು ನಾವು ಸಾಮಾನ್ಯವಾಗಿ ಸಾಹಸಕಥೆಗಳೆಂದು ಓದುತ್ತೇವೆ. ನಾಟ್ಸಿ ಮರಣಶಿಬಿರಗಳಿಂದ ಪಾರಾದ ಕೆಲವರ ವಿಷಯದಲ್ಲಾದರೋ ಸಾಹಸಕ್ಕಿಂತ ಹಿರಿದಾದ ಉದ್ದೇಶವೊಂದಿತ್ತು: ಶಿಬಿರದೊಳಗಿನ ಸತ್ಯವನ್ನು ಹೊರಲೋಕಕ್ಕೆ ಮುಟ್ಟಿಸುವುದು. 1944ರ ಏಪ್ರಿಲಿನಲ್ಲಿ ನಡೆದ ಒಂದು ಪಲಾಯನವನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುವೆವು.

ಆಲ್ಫ್ರೆಡ್ ವೆಟ್ಸ್ಲರ್ ಮತ್ತು ರೂಡಾಲ್ಫ್ ವರ್ಬಾ ಸ್ಲೊವಾಕಿಯದ ಯೆಹೂದ್ಯ ತರುಣರು. ವರ್ಬಾ ಎಂಬುದು ಪಾರಾದ ಮೇಲೆ ಧರಿಸಿದ ಹೆಸರು. ಮೊದಲಿನದು ವಾಲ್ಟರ್ ರೋಸೆನ್‌ಬರ್ಗ್. ಇಬ್ಬರೂ 1942ರಲ್ಲಿ ಪೋಲೆಂಡಿನ ಆಶ್ವಿಟ್ಜ್ ಶಿಬಿರಕ್ಕೆ ತರಲ್ಪಟ್ಟು, ಕಾಲಕ್ರಮದಲ್ಲಿ ಅದರ ಬಿರ್ಕೆನೌ ವಿಭಾಗದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ನೇಮಿತರಾದರು. ಎಲ್ಲಿಂದ ಎಷ್ಟು ಜನ ಬಂದರು, ಎಷ್ಟು ಜನ ಉಳಿದರು ಎಂಬುದನ್ನು ನೆನಪಿನಲ್ಲಿಡಲು ಈ ಕೆಲಸ ಅವಕಾಶವಿತ್ತಿತು.

ಬಿರ್ಕೆನೌಗೆ ಎರಡು ಸುತ್ತಿನ ಕಾವಲಿತ್ತು. ಒಳಸುತ್ತು ವಿದ್ಯುತ್ ಹರಿಯುವ ತಂತಿಬೇಲಿ. ಹೊರಸುತ್ತು, ಕೈದಿಗಳು ಹಗಲು ದುಡಿಯುವ ಪ್ರದೇಶವನ್ನು ಬಳಸಿ ನಿಂತ ಪಹರೆಯವರ ಸಾಲು. ಸಂಜೆಯ ತಲೆಯೆಣಿಕೆ ಸರಿಹೋದರೆ ಹೊರಗಿನ ಪಹರೆಯನ್ನು ಹಿಂತೆಗೆಯುತ್ತಿದ್ದರು. ಒಬ್ಬನು ಕಡಮೆಯಾದರೂ ಮೂರು ಹಗಲು ಮೂರು ರಾತ್ರಿ ಅದು ಕದಲುತ್ತಿರಲಿಲ್ಲ. ಆದಕಾರಣ ಎರಡು ಸುತ್ತುಗಳ ನಡುವೆ ಅಷ್ಟು ಕಾಲ ಅಡಗಿರಬಲ್ಲವನಿಗೆ ಮಾತ್ರ ದಾರಿ ತೆರೆಯುವಂತಿತ್ತು. ಏಪ್ರಿಲ್ 7ರಂದು ಸಹಕೈದಿಗಳ ನೆರವಿನಿಂದ ಅವರಿಬ್ಬರೂ ಮರದ ರಾಶಿಯೊಂದರೊಳಗಿನ ಪೊಳ್ಳಿನಲ್ಲಿ ಅಡಗಿದರು. ಪೆಟ್ರೋಲಿನಲ್ಲಿ ನೆನಸಿ ಒಣಗಿಸಿದ ಹೊಗೆಸೊಪ್ಪು ನಾಯಿಗಳಿಗೆ ವಾಸನೆ ಸಿಕ್ಕದಂತೆ ಮಾಡುವುದೆಂಬ ಯುಕ್ತಿಯನ್ನು ಸೋವಿಯತ್ ಕೈದಿಯೊಬ್ಬನಿಂದ ಕಲಿತಿದ್ದರು. 10ರ ರಾತ್ರಿ ಪಹರೆ ತೆರಳಿತು. ಅಲ್ಲಿಂದ ಹೊರಟವರು ಕಾಲ್ನಡೆಯಲ್ಲಿ 21ರಂದು ಸ್ಲೊವಾಕಿಯದ ಗಡಿಯನ್ನು ದಾಟಿದರು.

ಜಿಲಿನಾ ಪಟ್ಟಣದಲ್ಲಿ ಯೆಹೂದ್ಯ ಮುಖಂಡರು ಅವರನ್ನು ಬೇರೆಬೇರೆಯಾಗಿ ಪ್ರಶ್ನಿಸಿ ಹೇಳಿಕೆಗಳನ್ನು ತಾಳೆನೋಡಿದರು. ಏಪ್ರಿಲ್ ಮುಗಿಯುವುದರೊಳಗೆ ವರದಿ ಸಿದ್ಧವಾಯಿತು. ಶಿಬಿರದ ನಕ್ಷೆ, ರೈಲುಗಳಲ್ಲಿ ಬಂದವರ ಸಂಖ್ಯೆ, ವಿಷಾನಿಲದ ಕೋಣೆಗಳ ಕಾರ್ಯವಿಧಾನ ಇವೆಲ್ಲ ಅದರಲ್ಲಿದ್ದವು. ಮೃತರ ಬಗ್ಗೆ ಅದು ಕೊಟ್ಟ ಅಂದಾಜು ಸುಮಾರು 17,65,000. ಈಚಿನ ಸಂಶೋಧನೆಯಂತೆ ಆಶ್ವಿಟ್ಜ್‌ನಲ್ಲಿ ಒಟ್ಟು ಮಡಿದವರು ಸುಮಾರು 11 ಲಕ್ಷ, ಅವರಲ್ಲಿ ಯೆಹೂದ್ಯರು ಸುಮಾರು 10 ಲಕ್ಷ. ಅಂಕಿಯನ್ನು ತಿದ್ದಬೇಕಾಗಿ ಬಂದರೂ, ಕೊಲೆಯ ವ್ಯವಸ್ಥೆಯನ್ನು ಕುರಿತ ಮುಖ್ಯ ನಿರೂಪಣೆ ಸ್ಥಿರಪಟ್ಟಿದೆ.

ವರದಿ ಸಿದ್ಧವಾಗಿ ಎರಡು ವಾರಗಳಿಗೆ ಮೇಲಾಗಿದ್ದಾಗ, ಮೇ 15ರಂದು, ಹಂಗೆರಿಯ ಯೆಹೂದ್ಯರ ಸಾಮೂಹಿಕ ಸಾಗಾಟ ಮೊದಲಾಯಿತು. ಜುಲೈ 9ರೊಳಗೆ ಸುಮಾರು 4,37,000 ಜನರನ್ನು ಸಾಗಿಸಲಾಯಿತು. ಬಹುಮಂದಿ ಆಶ್ವಿಟ್ಜ್ ತಲಪಿದೊಡನೆಯೇ ಹತರಾದರು. ರೈಲು ಹತ್ತಿದ ಜನಸಾಮಾನ್ಯರಿಗೆ ಎಚ್ಚರಿಕೆ ಏಕೆ ಮುಟ್ಟಲಿಲ್ಲವೆಂಬುದು ವಿದ್ವಾಂಸರಲ್ಲಿ ಇಂದಿಗೂ ವಿವಾದಾಸ್ಪದ. ಜೂನಿನಲ್ಲಿ ವರದಿಯ ಸಾರ ಸ್ವಿಟ್ಸರ್ಲೆಂಡಿನ ಪತ್ರಿಕೆಗಳಲ್ಲಿ ಪ್ರಕಟವಾಗಿ, ನಾನಾ ದೇಶಗಳಿಂದ ಒತ್ತಾಯ ಬಂದ ಮೇಲೆ, ಜುಲೈ ಮೊದಲ ವಾರದಲ್ಲಿ ಹಂಗೆರಿಯ ರಾಜಪ್ರತಿನಿಧಿ ಹೋರ್ತಿ ಸಾಗಾಟವನ್ನು ನಿಲ್ಲಿಸಲು ಆಜ್ಞಾಪಿಸಿದನು. ಯುದ್ಧದ ಗತಿ ಜರ್ಮನಿಗೆ ಪ್ರತಿಕೂಲವಾಗಿದ್ದುದೂ ಇದಕ್ಕೆ ಕಾರಣ. ಬುಡಾಪೆಸ್ಟಿನಲ್ಲಿ ಉಳಿದಿದ್ದ ಸುಮಾರು 2 ಲಕ್ಷ ಯೆಹೂದ್ಯರು ಆ ಹೊತ್ತಿಗೆ ಪಾರಾದರು. ಅಕ್ಟೋಬರಿನ ತರುವಾಯ ಅವರಲ್ಲಿಯೂ ಸಹಸ್ರಾರು ಜನ ಕೊಲ್ಲಲ್ಪಟ್ಟರು.

ಸಾಕ್ಷಿ ಪಾರಾದ ಮಾತ್ರದಿಂದ ಅಪಾಯದಲ್ಲಿರುವವರು ಪಾರಾಗುವುದಿಲ್ಲ. ಇಬ್ಬರು ತರುಣರು ಹದಿನಾಲ್ಕು ದಿನಗಳಲ್ಲಿ ಗಡಿ ದಾಟಿಸಿ ತಂದ ಸತ್ಯ ಪತ್ರಿಕೆಗಳನ್ನು ತಲಪಲು ಸುಮಾರು ಎರಡು ತಿಂಗಳು ಹಿಡಿಯಿತು. ಆ ಅವಧಿಯಲ್ಲಿಯೇ ಹಂಗೆರಿಯ ರೈಲುಗಳು ಓಡಿದವು.