ಫರ್ಸಿಯ ಸೀಮೆಯಲ್ಲಿ ಕಿವಿಯ ಪರೀಕ್ಷೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನೆಲದಡಿಯಲ್ಲಿ ಪದರಪದರವಾಗಿ ಹಬ್ಬಿರುವ ಸುಣ್ಣಕಲ್ಲು ಈ ಸೀಮೆಯ ಸಹಸ್ರಾರು ಸಂಸಾರಗಳಿಗೆ ಅನ್ನವಿತ್ತುದು ಸರ್ವವಿದಿತ; ಆ ಅನ್ನಕ್ಕಾಗಿ ದುಡಿದವರ ಕಿವಿಗಳು ತೆತ್ತ ಸುಂಕವನ್ನು ಮಾತ್ರ ನಾವಾರೂ ಲೆಕ್ಕವಿಟ್ಟವರಲ್ಲ. ಆದಿತ್ಯನಗರದ ಸಮೀಪದಲ್ಲಿ ವಾಸಿಸುವ, ಆಯುಷ್ಯದ ಬಹುಭಾಗವನ್ನು ಫರ್ಸಿಕಲ್ಲು ಕೊಯ್ಯುವ ಮಷೀನಿನ ಎದುರಿನಲ್ಲಿಯೇ ಸವೆಸಿದ ವೃದ್ಧರೊಬ್ಬರ ಸಂಗಡ ಕಲಬುರಗಿಯ ಸರ್ಕಾರಿ ದವಾಖಾನೆಗೆ ಹೋಗಿಬಂದ ಮೇಲೆ ಈ ವಿಚಾರ ನನ್ನ ಮನಸ್ಸನ್ನು ಬಿಟ್ಟು ಕದಲಿಲ್ಲ. “ಕೂಗಿದ್ರ ಕೇಳಸ್ತದ್ರಿ, ಆಡಿದ್ದು ತಿಳಿಯಂಗಿಲ್ಲ” ಎಂಬುದು ಅವರ ಸೊಸೆಯ ದೂರು.

ಚೀಟಿ ಮಾಡಿಸಿ, ಸರದಿಯಲ್ಲಿ ಕುಳಿತು, ಒಳಕ್ಕೆ ಹೋದೊಡನೆ ತರುಣ ವೈದ್ಯೆ ಕೈಗೆತ್ತಿಕೊಂಡದ್ದು ಒಂದು ಉಕ್ಕಿನ ಶ್ರುತಿಕವೆ. ಅದನ್ನು ತಮ್ಮ ಮೊಣಕೈಗೆ ತಟ್ಟಿ, ಅದರ ಬುಡವನ್ನು ವೃದ್ಧರ ಕಿವಿಯ ಹಿಂಬದಿಯ ಎಲುಬಿಗೆ ಒತ್ತಿ, “ಸಪ್ಪಳ ನಿಂತ ಕೂಡ್ಲೆ ಕೈ ಎತ್ರಿ, ಕಾಕಾ” ಎಂದರು. ಕೈ ಮೇಲೆದ್ದ ಕ್ಷಣದಲ್ಲಿಯೇ ಕವೆಯನ್ನು ಕಿವಿಯ ಮುಂದಕ್ಕೆ ತಂದು ಹಿಡಿದರು. ಮುದುಕರ ಮುಖ ಅರಳಿತು: “ಇನ್ನಾ ಗುಂಯ್ ಅಂತದ್ರಿ!” ಎಲುಬಿನಲ್ಲಿ ಅಡಗಿದ ನಾದ ಗಾಳಿಯಲ್ಲಿ ಉಳಿದಿದೆಯೆಂದರೆ ಕಿವಿಯ ತಮಟೆಯೂ ಕಿರುಮೂಳೆಗಳೂ ಕ್ಷೇಮವಾಗಿವೆ, ಕೇಡು ಆಗಿದ್ದರೆ ಇನ್ನೂ ಒಳಗೆ ಆಗಿರಬೇಕು ಎಂಬ ನಿರ್ಣಯ ಅರೆನಿಮಿಷದಲ್ಲಿ ದೊರಕಿತು.

ಈ ಕವೆಯ ಪೂರ್ವೋತ್ತರವನ್ನು ಹೇಳದೆ ಮುಂದುವರಿಯಲು ನನಗೆ ಮನಸ್ಸಿಲ್ಲ. 1711ರಲ್ಲಿ ಇದನ್ನು ರೂಪಿಸಿದವನು ವೈದ್ಯನಲ್ಲ, ಇಂಗ್ಲೆಂಡಿನ ರಾಜಾಸ್ಥಾನದ ತುತ್ತೂರಿ ವಾದಕನಾದ ಜಾನ್ ಶೋರ್; ಅವನಿಗೆ ಬೇಕಾಗಿದ್ದುದು ಶ್ರುತಿ ಹೊಂದಿಸಲು ಒಂದು ಸ್ಥಿರವಾದ ಸ್ವರ. ಶತಮಾನಕ್ಕೂ ಮಿಕ್ಕಿ ಸಂಗೀತಗಾರರ ಬಳಿ ಇದ್ದ ಆ ಉಪಕರಣವನ್ನು 1834ರಲ್ಲಿ ಜರ್ಮನಿಯ ವೇಬರ್ ತಲೆಬುರುಡೆಯ ಮೇಲಿಟ್ಟು ಪರಿಶೀಲಿಸಿದನು. 1855ರಲ್ಲಿ ರಿನ್ನೆ ಎಂಬ ವೈದ್ಯನು ಎಲುಬಿನ ನಾದವನ್ನೂ ಗಾಳಿಯ ನಾದವನ್ನೂ ಹೋಲಿಸುವ ಕ್ರಮವನ್ನು ವಿವರಿಸಿದನು. ಸೆಕೆಂಡಿಗೆ 512 ಬಾರಿ ಕಂಪಿಸುವ ಕವೆಯನ್ನೇ ವೈದ್ಯರು ಆಯುವುದಕ್ಕೂ ಕಾರಣವುಂಟು: ಅದಕ್ಕಿಂತ ಮಂದ್ರವಾದುದು ನಾದವಾಗಿ ಕೇಳುವುದಕ್ಕೆ ಮೊದಲೇ ನಡುಕವಾಗಿ ಚರ್ಮಕ್ಕೆ ತಿಳಿದುಬಿಡುತ್ತದೆ, ತಾರವಾದುದು ಬೇಗನೆ ಅಡಗುತ್ತದೆ. ವಿದ್ಯುತ್ತನ್ನು ಬೇಡದ, ಜೇಬಿನಲ್ಲಿ ಹಿಡಿಯುವ ಈ ಸಾಧನ ನನ್ನ ಕಣ್ಣಿಗೆ ದವಾಖಾನೆಯ ಅತ್ಯಂತ ಸುಂದರ ವಸ್ತು.

ಕವೆ ಹೇಳಲಾರದುದನ್ನು ಯಂತ್ರ ಹೇಳಿತು. ಸದ್ದು ನುಗ್ಗದ ಸಣ್ಣ ಕೋಣೆಯಲ್ಲಿ, ಬಲಗಿವಿಗೆ ಕೆಂಪು ಗುರುತಿನ, ಎಡಗಿವಿಗೆ ನೀಲಿ ಗುರುತಿನ ಹೆಡ್‌ಫೋನ್ ತೊಟ್ಟು ವೃದ್ಧರು ಕುಳಿತರು. ಕ್ಷೀಣವಾದ ಒಂದೊಂದು ಸ್ವರ ಕೇಳಿದಾಗಲೂ ಗುಂಡಿ ಒತ್ತಿದರು. ಕಾಗದದ ಮೇಲೆ ಮೂಡಿದ ಗೆರೆ 4000 ಹರ್ಟ್ಸಿನ ಬಳಿ ಕಡಿದಾಗಿ ಕುಸಿದಿತ್ತು. ದೀರ್ಘಕಾಲದ ಯಂತ್ರಘೋಷಕ್ಕೆ ಸಿಕ್ಕಿದ ಕಿವಿಯ ಲಕ್ಷಣವೇ ಅದು. ಒಳಕಿವಿಯ ರೋಮಕೋಶಗಳು ಒಮ್ಮೆ ನಷ್ಟವಾದರೆ ಪುನಃ ಹುಟ್ಟುವುದಿಲ್ಲ. ಈ ಕುಸಿತ ಆರಂಭದಲ್ಲಿ ಮಾತಿಗೆ ಅಡ್ಡಿಯಾಗದುದರಿಂದ ದುಡಿಯುವವನಿಗೆ ವರ್ಷಾನುವರ್ಷ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ವೇಳೆಗೆ ಸಕಾರ ಶಕಾರಗಳು ಕೈಬಿಟ್ಟಿರುತ್ತವೆ. ಕಿವಿಗೆ ಅರಳೆ ತುರುಕಿಕೊಂಡು ನಿಶ್ಚಿಂತರಾಗುವವರನ್ನು ಕಂಡಿದ್ದೇನೆ. ಅರಳೆಯಲ್ಲಿ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಷ್ಟು ಹಿಂದೆಯೇ ಸ್ಥಾಪಿತವಾಯಿತು. 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿ ಶಬ್ದಜನ್ಯ ಕಿವುಡನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಎರಡೂ ಕಿವಿಗಳಲ್ಲಿ 60 ಡೆಸಿಬಲ್ ಅಥವಾ ಅದಕ್ಕೂ ಮಿಕ್ಕ ನಷ್ಟವಿದ್ದರೆ ಅದನ್ನು ಅಂಗವೈಕಲ್ಯವೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮನ್ನಿಸುತ್ತದೆ. ಇಷ್ಟಾದರೂ ಖಣಿಯಿಂದ ದವಾಖಾನೆಯವರೆಗಿನ ದಾರಿಯನ್ನು ತುಳಿಯುವವರು ವಿರಳ. ಖಣಿಯಲ್ಲಿ, ಪಾಲಿಶ್ ಮಷೀನಿನಲ್ಲಿ, ಸಿಮೆಂಟಿನ ಗಿರಣಿಯಲ್ಲಿ ದುಡಿಯುವವರು ನಿಮ್ಮ ಮನೆಯಲ್ಲಿದ್ದರೆ, ಕಿವಿ ಚೆನ್ನಾಗಿಯೇ ಇದೆಯೆಂದು ಅವರು ಎಷ್ಟೇ ಹೇಳಲಿ, ವರ್ಷಕ್ಕೊಮ್ಮೆ ಸರ್ಕಾರಿ ದವಾಖಾನೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿರಿ. ಪಾಳಿ ಮುಗಿಸಿ ನೇರವಾಗಿ ಹೋಗುವುದು ಬೇಡ; ದಣಿದ ಕಿವಿ ಸರಿಯಾದ ಲೆಕ್ಕ ಕೊಡದು, ಹಿಂದಿನ ದಿನದಿಂದಲೇ ಸದ್ದಿನಿಂದ ದೂರವಿರಲಿ.