ಟೀಚರಮ್ಮನ ಭಾನುವಾರಗಳು

ಜಹೀರಾಬಾದಿಗೆ ಪಾಠ ಹೇಳಲು ಬಂದವರು ಮೊದಲು ಕಲಿಯಬೇಕಾದ ವಿದ್ಯೆ ಎಂದರೆ, ರೊಟ್ಟಿ ಸಾಕು ಎಂದು ಹೇಳಿ ಒಪ್ಪಿಸುವುದು. ಮೈಸೂರಿನಿಂದ ಬಂದ ನಮ್ಮ ಅಕ್ಕನ ಮಗಳಿಗೆ ಆ ವಿದ್ಯೆ ಇನ್ನೂ ಒಲಿದಿಲ್ಲ. ಬಿ.ಎಡ್. ಓದುತ್ತಿರುವ ಅವಳು ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಳೆ. ಇರುವುದು ಕಿರಾಣಿ ಅಂಗಡಿಯವರೊಬ್ಬರ ಮನೆಯ ಮೇಲಿನ ಕೋಣೆಯಲ್ಲಿ. ಬಾಡಿಗೆಗೆಂದು ಹಿಡಿದ ಕೋಣೆ ಅದು. ಬಾಡಿಗೆಯ ಮಾತು ಈಗ ಯಾರೂ ಎತ್ತುವುದಿಲ್ಲ. ಮನೆಯ ಯಜಮಾನರು ಕಾಕಾ ಆಗಿದ್ದಾರೆ, ಅವರ ಹೆಂಡತಿ ಕಾಕಿ, ಅಂಗಳದ ಹೊರಸಿನ ಮೇಲೆ ಕೂತು ಹೋಗಿಬರುವವರನ್ನೆಲ್ಲ ವಿಚಾರಿಸುವ ಹಿರಿಯರು ಮುತ್ಯಾ. ಅವಳು ಓಣಿಗೆಲ್ಲ ಟೀಚರಮ್ಮ.

ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರ ಶಾಲೆಗಳಲ್ಲೇ ಕಳೆಯಬೇಕೆಂಬುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಮಾಡಿದ ನಿಯಮ. ಹೆಚ್ಚಿನವರು ಮನೆಗೆ ಹತ್ತಿರದ ಶಾಲೆಯಲ್ಲಿ ಹಾಜರಿ ಹಾಕಿಸಿಕೊಂಡು ಮುಗಿಸುತ್ತಾರೆ. ಇವಳು ಹೊರರಾಜ್ಯವೇ ಬೇಕೆಂದು ಹಟ ಹಿಡಿದಳು. ಆ ಹಟ ಎಲ್ಲಿಗೆ ಮುಟ್ಟಿದೆ ನೋಡಿಬರೋಣವೆಂದು ಫೆಬ್ರುವರಿಯ ಎರಡನೇ ಶನಿವಾರ, ಶಾಲೆಗೆ ರಜೆಯಿದ್ದ ದಿನ, ಬೀದರಿನಿಂದ ಬಸ್ಸು ಹತ್ತಿದೆ. ಕೆಂಪು ಜಂಬಿಟ್ಟಿಗೆಯ ನೆಲ, ಕಬ್ಬಿನ ಟ್ರ್ಯಾಕ್ಟರುಗಳು. ಅವನ್ನು ನೋಡುತ್ತ ಕೂತರೆ ಗಡಿ ದಾಟಿದ್ದು ಅಂಗಡಿಯ ಬೋರ್ಡುಗಳ ಅಕ್ಷರ ಬದಲಾದಾಗಲೇ ತಿಳಿಯುವುದು. ಜಹೀರಾಬಾದಿನ ನಡುವೆ ಹೈದರಾಬಾದು-ಪುಣೆ ಹೆದ್ದಾರಿ ಹಾದುಹೋಗಿದೆ. ಪಕ್ಕದಲ್ಲೇ ಮಹೀಂದ್ರಾದವರ ಟ್ರ್ಯಾಕ್ಟರ್ ಕಾರ್ಖಾನೆ. ಲಾರಿಗಳ ಗದ್ದಲ ಬಿಟ್ಟರೆ ಪೇಟೆಯಲ್ಲಿ ನೋಡುವಂಥದ್ದು ಹೆಚ್ಚೇನಿಲ್ಲ. ಇಲ್ಲಿಯ ಸೊಗಸೆಲ್ಲ ಊರ ಹೊರಗಿದೆ.

ಹೊರರಾಜ್ಯ ಎನ್ನುವ ಮಾತಿಗೆ ಮುತ್ಯಾನ ತಕರಾರಿದೆ. ಅವರು ಶಾಲೆಗೆ ಸೇರಿದಾಗ ಇದು ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆ. ನಾರಾಯಣಖೇಡವೂ ಬೀದರಿನದ್ದೇ, ತಾಂಡೂರು ಗುಲ್ಬರ್ಗಾ ಜಿಲ್ಲೆಯದ್ದು. 1956ರ ನವೆಂಬರ್ 1ರಂದು ಮೂರೂ ಆಂಧ್ರಪ್ರದೇಶಕ್ಕೆ ಹೋದವು. ಕತ್ತರಿ ಎಷ್ಟು ಸೂಕ್ಷ್ಮವಾಗಿ ಓಡಿತ್ತೆಂದರೆ ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಸರ್ಕಲ್ ಮಾತ್ರ ಮೈಸೂರು ರಾಜ್ಯಕ್ಕೆ ಬಂತು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಆಚೆ ಸೇರಿತು. 2016ರಲ್ಲಿ ತೆಲಂಗಾಣದ ಜಿಲ್ಲೆಗಳನ್ನು ಮತ್ತೆ ಒಡೆದಾಗ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಬಂದವು. "ಕಾಗದ ಪತ್ರಕ್ಕ ಸಂಗಾರೆಡ್ಡಿಗಿ ಹೋಗ್ತೀವ್ರಿ. ದವಾಖಾನಿಗಿ, ಮದುವಿ ಬಟ್ಟಿಗಿ ಬೀದರಕ್ಕೇ," ಎಂದು ಮುತ್ಯಾ ಲೆಕ್ಕ ಒಪ್ಪಿಸಿದರು. ಮನೆಯಲ್ಲಿ ಕಾಕಿ ಆಡುವುದು ಕನ್ನಡ, ಅಂಗಡಿಯಲ್ಲಿ ಕಾಕಾ ತೆಲುಗಿನಲ್ಲಿ ಮಾತು ಆರಂಭಿಸಿ ಉರ್ದುವಿನಲ್ಲಿ ಚೌಕಾಸಿ ಮುಗಿಸುತ್ತಾರೆ. ಟೀಚರಮ್ಮನ ತರಗತಿಯಲ್ಲಿ ಪುಸ್ತಕ ಇಂಗ್ಲಿಷಿನದು, ಮಕ್ಕಳ ಪಿಸುಮಾತು ಈ ಮೂರರಲ್ಲೂ. ತಾಂಡಾದಿಂದ ಬರುವ ಮಕ್ಕಳದು ಲಂಬಾಣಿ.

ಮೊದಲ ತಿಂಗಳು ಅವಳಿಗೆ ಈ ಗದ್ದಲ ಕಷ್ಟವೇ ಆಗಿತ್ತು. ದಾರಿ ತೆರೆದದ್ದು ಎಳ್ಳಮಾವಾಸ್ಯೆಯ ದಿನ, ಕಾಕಾನ ಹೊಲದಲ್ಲಿ. ಬೀದರ್, ಕಲಬುರಗಿಯ ಹಾಗೆ ಇಲ್ಲೂ ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಗೂಡು ಕಟ್ಟಿ, ಒಳಗೆ ಪಾಂಡವರೆಂದು ಐದು ಕಲ್ಲಿಟ್ಟು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಆಮೇಲೆ ಊಟ: ಸಜ್ಜೆ ರೊಟ್ಟಿ, ಅಂಬಲಿ, ಹಸಿ ಕಾಳು ಸೊಪ್ಪುಗಳನ್ನೆಲ್ಲ ಕಡಲೆ ಹಿಟ್ಟಿನಲ್ಲಿ ಕುದಿಸಿದ ಭಜ್ಜಿ. ಈ ಭಜ್ಜಿಯ ಸುದ್ದಿ ಕೇಳಿ ಮೈಸೂರಿನಲ್ಲಿ ನಮ್ಮಕ್ಕ ಎಣ್ಣೆಯಲ್ಲಿ ಕರಿದದ್ದೆಂದೇ ತಿಳಿದು, ಜಾಸ್ತಿ ತಿನ್ನಬೇಡವೆಂದು ಫೋನಿನಲ್ಲಿ ಬುದ್ಧಿ ಹೇಳಿದ್ದಳು. ಅಂದು ಪಕ್ಕದ ಹೊಲಗಳಲ್ಲಿ ಅವಳ ತರಗತಿಯ ಮಕ್ಕಳು ಅರ್ಧ ಡಜನ್ ಸಿಕ್ಕರು. ಶಾಲೆಯಲ್ಲಿ ಬಾಯಿಬಿಡದ ಹುಡುಗನೊಬ್ಬ ಒಂದೊಂದು ಸಾಲಿನಲ್ಲಿ ಏನೇನು ಬಿತ್ತಿದೆ, ಯಾವ ಸಾಲಿಗೆ ಎಷ್ಟು ಬೀಜ ಹಿಡಿಯಿತು ಎಂದು ತಡೆಯಿಲ್ಲದೆ ಹೇಳಿದನಂತೆ. ಸೋಮವಾರದ ಅನುಪಾತದ ಪಾಠಕ್ಕೆ ಇವಳು ಪುಸ್ತಕದ ಲೆಕ್ಕ ಬಿಟ್ಟು ಅವನ ಸಾಲುಗಳನ್ನು ಹಲಗೆಯ ಮೇಲೆ ಬರೆದಳು. ಅಂದಿನಿಂದ ವಾರಾಂತ್ಯಕ್ಕೆ ಎಲ್ಲಿ ಕರೆದರೂ ಹೊರಟುಬಿಡುತ್ತಾಳೆ.

ನಾನು ಹೋದ ಶನಿವಾರ ಕಾಕಾ, ಕಾಕಿಯ ಜೊತೆ ಕಾರಿನಲ್ಲಿ ಹೊರಟೆವು. ಮೊದಲ ನಿಲುಗಡೆ ಝರಾಸಂಗಮದ ಕೇತಕಿ ಸಂಗಮೇಶ್ವರ. ಶಿವನಿಗೆ ಕೇದಿಗೆ ವರ್ಜ್ಯವೆಂದು ನಾವೆಲ್ಲ ಕೇಳಿ ಬೆಳೆದವರು. ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ನುಡಿದದ್ದಕ್ಕೆ ಆ ಹೂವಿಗೆ ಸಿಕ್ಕ ಶಾಪ. ಇಲ್ಲಿ ಮಾತ್ರ ಅದಕ್ಕೆ ಮಾಫಿ, ಪೂಜೆಗೆ ಕೇದಿಗೆಯೇ ಆಗಬೇಕು. ಗುಡಿಯ ಹಿಂದಿನ ಅಮೃತಗುಂಡದಲ್ಲಿ ಮಿಂದು ಕುಪೇಂದ್ರನೆಂಬ ರಾಜ ಚರ್ಮರೋಗ ಕಳೆದುಕೊಂಡನೆಂಬುದು ಸ್ಥಳಪುರಾಣ. ಶಿವರಾತ್ರಿ ಹತ್ತಿರವಾಗಿ ಪೆಂಡಾಲಿನ ಕಂಬಗಳು ಏಳುತ್ತಿದ್ದವು. ಜಾತ್ರೆಗೆ ಮೂರು ರಾಜ್ಯದ ಜನ ಸೇರುತ್ತಾರೆ. ಗುಂಡದ ನೀರು ನೋಡಿದ ಮೇಲೆ ನಾನು ಕೈಮುಗಿದಷ್ಟಕ್ಕೇ ನಿಲ್ಲಿಸಿದೆ.

ಅಲ್ಲಿಂದ ಮಾಚನೂರು ದೂರವಿಲ್ಲ. ಈ ಊರಿನಲ್ಲಿ ನಾವು ಕಾಕಾ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಹೊತ್ತು ನಿಂತೆವು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಕೆಲಸ ಇಲ್ಲಿ ಕಣ್ಣಿಗೆ ಕಾಣುವಂತಿದೆ. 1983ರಲ್ಲಿ ಈ ಸಂಸ್ಥೆ ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು, ಆ ಕೆಲಸ ಬಿಟ್ಟು ಜಹೀರಾಬಾದಿನ ಪಸ್ತಾಪುರಕ್ಕೆ ಬಂದು ನೆಲೆನಿಂತರು. 2023ರ ಮಾರ್ಚ್ 19ರಂದು ತೀರಿಕೊಳ್ಳುವವರೆಗೂ ಇದೇ ಸೀಮೆಯ ಕೆಲಸ. ಇಲ್ಲಿಯ ಬಡ ನೆಲದಲ್ಲಿ ಒಂದೇ ಎಕರೆಯೊಳಗೆ ಹದಿನೈದು ಇಪ್ಪತ್ತು ಬೆಳೆ ಬೆರೆಸಿ ಬಿತ್ತುವ, ಬೀಜವನ್ನು ಮನೆಯಲ್ಲೇ ಕಾಪಿಡುವ ಪದ್ಧತಿಗೆ ಅವರು ಹೊರಗಿನಿಂದ ಏನನ್ನೂ ತಂದು ಸೇರಿಸಲಿಲ್ಲ. ಅದನ್ನು ಬಲ್ಲ ಹೆಂಗಸರನ್ನು, ಬಹುಪಾಲು ದಲಿತ ಹೆಂಗಸರನ್ನು, ಊರೂರಿನಲ್ಲಿ ಸಂಘ ಕಟ್ಟಿಸಿ ಮುಂದೆ ನಿಲ್ಲಿಸಿದರು. ಪಡಿತರದಲ್ಲಿ ಅಕ್ಕಿಯೇ ಗತಿಯಾಗಿದ್ದ 1990ರ ದಶಕದಲ್ಲಿ ಬೀಳುಬಿದ್ದ ಹೊಲಗಳನ್ನು ಉಳುಮೆ ಮಾಡಿಸಿ ಜೋಳವನ್ನೇ ಹಂಚುವ ತಮ್ಮದೇ ಪಡಿತರವನ್ನು ಈ ಸಂಘಗಳು ನಡೆಸಿದ್ದವು. ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು.

ಮಾಚನೂರಿನ ಸಂಘಂ ರೇಡಿಯೊ ಹೆಸರನ್ನು ಓದುಗರು ಕೇಳಿರಬಹುದು. ಸ್ಟುಡಿಯೊ 1998ರಲ್ಲೇ ಸಿದ್ಧವಿತ್ತು, ಪರವಾನಗಿ ಬರಲು ಹತ್ತು ವರ್ಷ ಹಿಡಿಯಿತು. ಅಷ್ಟರವರೆಗೆ ಹೆಂಗಸರು ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. 2008ರ ಅಕ್ಟೋಬರ್ 15ರಂದು 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಶುರುವಾಯಿತು. ಜನರಲ್ ನರಸಮ್ಮ, ಆಲ್ಗೋಲ್ ನರಸಮ್ಮ ಎಂಬಿಬ್ಬರು ಅದನ್ನು ನಡೆಸಿಕೊಂಡು ಬಂದವರು. ಬಿತ್ತನೆ, ಬಾಣಂತನ, ಹಾಡು, ಕೀಟದ ಔಷಧಿ ಯಾವುದಿದ್ದರೂ ಹೇಳುವವರು ಊರಿನವರೇ. ಇದೇ ಊರಲ್ಲಿ ಪಚ್ಚಸಾಲೆ ಇದೆ. ದುಡಿಮೆಗೆ ಬಿದ್ದು ಶಾಲೆ ತಪ್ಪಿದ ಮಕ್ಕಳಿಗಾಗಿ ತೆರೆದದ್ದು. ಪಾಠದ ಜೊತೆ ಬಡಗಿ ಕೆಲಸ, ಕುಂಬಾರಿಕೆ, ಹೊಲಿಗೆ ಕಲಿಸಿದ ಶಾಲೆ. ಟೀಚರಮ್ಮ ಅಲ್ಲಿ ಗೋಡೆಯಿಂದ ಗೋಡೆಗೆ ಹೋಗಿ ಫೋಟೊ ತೆಗೆದಳು. ಕೈಕೆಲಸದ ಮೂಲಕವೇ ಪಾಠ ಎನ್ನುವ ಗಾಂಧೀಜಿಯ ನಯೀ ತಾಲೀಮಿಗೆ ಬಿ.ಎಡ್. ಪರೀಕ್ಷೆಯಲ್ಲಿ ಎಷ್ಟು ಅಂಕದ ಪ್ರಶ್ನೆ ಬರುತ್ತದೆಂದು ಮಾತ್ರ ಅಲ್ಲಿಯವರೆಗೆ ಅವಳಿಗೆ ಗೊತ್ತಿತ್ತು.

ಸಂಸ್ಥೆಯವರ ಪಾತ ಪಂಟಲ ಜಾತರ ಆಗ ಮುಗಿಯುವ ಹಂತದಲ್ಲಿತ್ತು. ಪ್ರತಿವರ್ಷ ಸಂಕ್ರಾಂತಿಗೆ ಹೊರಟು ಸುಮಾರು ಒಂದು ತಿಂಗಳು ಹಳ್ಳಿಯಿಂದ ಹಳ್ಳಿಗೆ ಹೋಗುವ ಬೀಜಗಳ ಜಾತ್ರೆ ಇದು. ಸಿಂಗರಿಸಿದ ಎತ್ತಿನಗಾಡಿಗಳಲ್ಲಿ ಬುಟ್ಟಿಗಟ್ಟಲೆ ನವಣೆ, ಸಾಮೆ, ಹಾರಕ, ಬಗೆಬಗೆಯ ಜೋಳ, ತೊಗರಿ. ಜಾತ್ರೆಯ ಮೊದಲ ವಾರದಲ್ಲೇ ಅದನ್ನು ಕಂಡಿದ್ದ ನಮ್ಮ ಹುಡುಗಿ ಬೀಜದ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಹೆಸರಿನೆದುರು ತೆಲುಗು, ಕನ್ನಡ ಎರಡೂ ಇವೆ; ತಪ್ಪುಗಳನ್ನು ಕಾಕಿ ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ.

ಸಂಜೆ ನಾರಾಯಣಖೇಡ, ಕಾಕಿಯ ತವರು. ಇಲ್ಲಿಗೆ ರೈಲಿಲ್ಲ, ಆತುರವೂ ಇಲ್ಲ. ಮಂಜೀರಾ ನದಿಯ ಸೀಮೆಯಲ್ಲಿದ್ದೂ ಗುಡ್ಡದ ಮೇಲಿನ ಹೊಲಗಳಿಗೆ ಮಳೆಯೇ ದಿಕ್ಕು. ಆ ನದಿಯ ಸಿಂಗೂರು ಅಣೆಕಟ್ಟಿನ ನೀರು ಎಷ್ಟೋ ಕಾಲ ಹೈದರಾಬಾದಿನ ನಲ್ಲಿಗಳಿಗೆ ಹೋಯಿತು. ಆ ನೀರನ್ನು ಮೇಲೆತ್ತಿ ಈ ಕಡೆಗೆ ತರುವ ಎರಡು ಏತ ನೀರಾವರಿ ಯೋಜನೆಗಳಿಗೆ 2022ರ ಫೆಬ್ರುವರಿ 21ರಂದು ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಇದೇ ಊರಲ್ಲಿ ಅಡಿಗಲ್ಲು ಹಾಕಿದರು. ಜಹೀರಾಬಾದಿನ ಕಡೆಯದಕ್ಕೆ ಸಂಗಮೇಶ್ವರನ ಹೆಸರು, ನಾರಾಯಣಖೇಡದ ಕಡೆಯದಕ್ಕೆ ಬಸವೇಶ್ವರರ ಹೆಸರು. ಹೆಸರಿಟ್ಟವರಿಗೆ ಈ ಸೀಮೆಯ ಮನಸ್ಸು ಗೊತ್ತಿತ್ತು ಎನ್ನಬೇಕು. ನೀರಿನ ಮಾತೆತ್ತಿದರೆ ಕಾಕಿಯ ಅಣ್ಣ ನಗುತ್ತಾರೆ. "ಹೆಸರು ಛಲೋ ಅದರಿ," ಎಂದು ಚಹಾ ಕೊಟ್ಟರು.

ಭಾನುವಾರ ನಸುಕಿನಲ್ಲೇ ತಾಂಡೂರಿಗೆ. ಜಹೀರಾಬಾದಿನಿಂದ ತಾಂಡೂರಿಗೆ ನಾವು ಹಿಡಿದ ದಾರಿ ಚಿಂಚೋಳಿಯ ಮೇಲೆ, ಅಂದರೆ ತೆಲಂಗಾಣದಿಂದ ತೆಲಂಗಾಣಕ್ಕೆ ಕರ್ನಾಟಕದ ಮೂಲಕ. ಹಾದಿಯಲ್ಲಿ ಜಂಬಿಟ್ಟಿಗೆಯ ಕೆಂಪು ಇಳಿದು ಎರೆಭೂಮಿಯ ಕಪ್ಪು ಏರುತ್ತದೆ. ತಾಂಡೂರು ಸಮೀಪಿಸಿದಂತೆ ರಸ್ತೆಯ ಎರಡೂ ಬದಿ ಕಲ್ಲಿನ ಚಪ್ಪಡಿಗಳ ಒಟ್ಟಿಲು, ಪಾಲಿಶ್ ಯಂತ್ರಗಳ ಕೂಗು, ಎಲೆಗಳ ಮೇಲೆಲ್ಲ ಬಿಳಿ ಧೂಳು. ನಮ್ಮಲ್ಲಿ ಶಹಾಬಾದ್ ಕಲ್ಲು ಎಂದು ಮನೆಮನೆಗೂ ಹಾಸಿದ್ದು, ಇಲ್ಲಿ ತಾಂಡೂರು ಕಲ್ಲು; ಎರಡೂ ಭೀಮಾ ಕಣಿವೆಯ ಒಂದೇ ಸುಣ್ಣಕಲ್ಲು. ಪದರಪದರವಾಗಿ ಕೂತಿರುವುದರಿಂದ ಉಳಿಯಿಟ್ಟು ಹೊಡೆದರೆ ಚಪ್ಪಡಿಯಾಗಿ ಏಳುತ್ತದೆ. ಅದೇ ಕಲ್ಲಿನ ಆಸೆಗೆ ಸಿಮೆಂಟ್ ಕಾರ್ಖಾನೆಗಳೂ ಬಂದಿವೆ. ಊರಿಗೆ ದುಡಿಮೆ ಕೊಟ್ಟ ಕಲ್ಲೇ ಊರಿನ ಉಸಿರಿಗೂ ಧೂಳು ತುಂಬಿದೆ. ಗಾಡಿಗಳ ಭಾರಕ್ಕೆ ರಸ್ತೆ ನುಗ್ಗಾಗಿದೆ. ಟೀಚರಮ್ಮನಿಗೆ ಮಾತ್ರ ಎರಡಡಿ ಚೌಕದ ಕಲ್ಲುಗಳನ್ನು ಕಂಡದ್ದೇ ತಡ, ವಿಸ್ತೀರ್ಣದ ಪಾಠ ಹೊಳೆಯಿತು. ಅವಳ ತರಗತಿಯ ನೆಲಕ್ಕೂ ಅವೇ ಕಲ್ಲು. ಚದರಡಿಗೆ ಏನು ಬೆಲೆ, ಒಡೆದದ್ದಕ್ಕೆ ಎಷ್ಟು ಕಡಿತ ಎಂದು ಕಲ್ಲಿನ ಅಂಗಡಿಯವನನ್ನು ಅವಳು ಕೇಳಿದ ಧಾಟಿಗೆ, ಅವನು ಮನೆ ಕಟ್ಟಿಸುವವಳೆಂದೇ ನಂಬಿ ಕುರ್ಚಿ ಹಾಕಿದ.

ಊಟ ಕಾಕಾನ ತಂಗಿಯ ಮನೆಯಲ್ಲಿ. ತಾಂಡೂರು ತೊಗರಿಗೆ 2022ರ ಡಿಸೆಂಬರಿನಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕಲಬುರಗಿಯ ತೊಗರಿ ಬೇಳೆಗೆ ಅದು 2019ರಲ್ಲೇ ಬಂದಿತ್ತು. ಒಂದೇ ಎರೆ, ಒಂದೇ ಬೆಳೆ, ಪ್ರಮಾಣಪತ್ರ ಎರಡು. ಯಾವುದು ರುಚಿ ಎಂದು ನನ್ನನ್ನು ಕೇಳಿದರು. ಅವರ ಮನೆಯ ಗಟ್ಟಿ ಬೇಳೆಯನ್ನು ತಟ್ಟೆಯಲ್ಲಿ ಇಟ್ಟುಕೊಂಡು ಕಲಬುರಗಿಯದೆಂದು ಹೇಳುವಷ್ಟು ದಡ್ಡ ನಾನಲ್ಲ.

ಊರಿನ ಪಕ್ಕ ಕಾಗಿಣಾ ನದಿ. ಫೆಬ್ರುವರಿಯಲ್ಲಿ ನೀರಿಗಿಂತ ಮರಳೇ ಜಾಸ್ತಿ. ಈ ಹೊಳೆ ಇಲ್ಲಿಂದ ಕರ್ನಾಟಕಕ್ಕೆ ಹರಿದು ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯ ಬದಿಯಲ್ಲಿ ಹೋಗಿ ಮುಂದೆ ಭೀಮೆಯನ್ನು ಸೇರುತ್ತದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ಊರು. ಕನ್ನಡದ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದದ್ದು ಆ ಗ್ರಂಥವೇ. ನಿನ್ನೆ ನಾರಾಯಣಖೇಡದಲ್ಲಿ ನೆನೆದ ಮಂಜೀರಾ ಗೋದಾವರಿಗೆ ಹೋಗುವ ನೀರು, ಇಂದಿನ ಕಾಗಿಣಾ ಕೃಷ್ಣೆಗೆ. ಕಾವೇರಿ ತೀರದ ಹುಡುಗಿ ಇವೆರಡರ ನಡುವೆ ಕೂತು ಭಿನ್ನರಾಶಿ ಕಲಿಸುತ್ತಿದ್ದಾಳೆ ಎಂದೆ. "ಮಾಮಾ, ನೀರು ನೋಡ್ತಾ ನಿಂತರೆ ಕೋಟಪಲ್ಲಿಗೆ ಹೊತ್ತಾಗತ್ತೆ," ಎಂದು ಕಾರಿನ ಬಾಗಿಲು ತೆರೆದಳು.

ಕೋಟಪಲ್ಲಿ ಜಲಾಶಯ ವಿಕಾರಾಬಾದ್ ಕಡೆಯ ಕಾಡಿನ ಅಂಚಿನಲ್ಲಿದೆ. ಹೈದರಾಬಾದಿನವರು ವಾರಾಂತ್ಯಕ್ಕೆ ಕಯಾಕ್ ನಡೆಸಲು ಬರುವ ಜಾಗ. ಇನ್ನೂ ಮುಂದೆ ಹೋದರೆ ಮೂಸಿ ನದಿ ಹುಟ್ಟುವ ಅನಂತಗಿರಿ. ಕಾಕಾ ನೀರಿಗಿಳಿಯಲು ಒಪ್ಪಲಿಲ್ಲ. ಒಪ್ಪಿದವರು ಕಾಕಿ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೀಟು ಬಿಗಿದು, ಹುಟ್ಟನ್ನು ರೊಟ್ಟಿ ಮಗುಚುವ ಹಿಡಿತದಲ್ಲಿ ಹಿಡಿದು, ಟೀಚರಮ್ಮನನ್ನು ಹಿಂದೆ ಕೂಡಿಸಿಕೊಂಡು ಹೊರಟೇಬಿಟ್ಟರು. ದೋಣಿ ಮೊದಲು ಮೂರು ಸುತ್ತು ಅಲ್ಲಲ್ಲೇ ತಿರುಗಿತು. ದಡದಿಂದ ಕಾಕಾ ತೆಲುಗಿನಲ್ಲಿ ಎಡಕ್ಕೆ ಎಂದು ಕೂಗಿದರೆ ಅಲ್ಲಿ ನಿಂತಿದ್ದ ಮಕ್ಕಳು ಉರ್ದುವಿನಲ್ಲಿ ಬಲಕ್ಕೆ ಎಂದರು. ಕಾಕಿ ಯಾರ ಮಾತೂ ಕೇಳದೆ ನಟ್ಟನಡುವಿಗೆ ಹೋಗಿ ತಿರುಗಿ ಬಂದರು.

ಮುಂದಿನ ವಾರ ಎಲ್ಲಿಗೆ ಎಂಬ ಜಗಳ ಮರಳುವ ದಾರಿಯಲ್ಲೇ ಶುರುವಾಯಿತು. ಕಾಕಾನಿಗೆ ಬೀದರಿನ ಕೋಟೆ ಮತ್ತು 1472ರ ಮಹಮೂದ್ ಗವಾನನ ಮದರಸಾ ತೋರಿಸಬೇಕು. ಶಿಕ್ಷಕಿಯಾಗುವವಳು ಅಷ್ಟು ಹಳೆಯ ವಿದ್ಯಾಲಯ ನೋಡದೆ ಮೈಸೂರಿಗೆ ಹೋಗುವುದೇ ಎಂಬುದು ಅವರ ವಾದ. ಕಾಕಿಗೆ ಮತ್ತೆ ಕೋಟಪಲ್ಲಿಯೇ ಆಗಬೇಕು. ಟೀಚರಮ್ಮ ಯಾರ ಪಕ್ಷವನ್ನೂ ಹಿಡಿಯದೆ, ಕೊಹೀರಿನಲ್ಲಿ ಕೊಂಡ ಪೇರಲೆಹಣ್ಣು ಕಚ್ಚುತ್ತ, ಸೋಮವಾರಕ್ಕೆ ಸಹಿ ಮಾಡಿಸಬೇಕಾದ ಪಾಠಯೋಜನೆಯಲ್ಲಿ ಚಪ್ಪಡಿಕಲ್ಲಿನ ಲೆಕ್ಕ ಬರೆಯುತ್ತಿದ್ದಳು.